ಕಪಾಟಿನಲ್ಲಿರುವ ದನಿ

ಓಲ್ಟ್ ನದಿಯ ದಂಡೆ
೧೪ ಅಕ್ಟೋಬರ್ ೧೯೯೩

ತಂಗಿ ಜಂಬೀಲಾ,

ನಿನಗೆ ಅದೃಷ್ಟವೂ ಆರೋಗ್ಯವೂ ಇರಲಿ. ನಮ್ಮ ಮನೆಯಲ್ಲಿ ಸದ್ಯಕ್ಕೆ ಎರಡೂ ಇಲ್ಲ.

ಅಜ್ಜಿಯ ಮೂರನೇ ದಿನದ ಊಟ ಮುಗಿದದ್ದೇ ತಡ, ಶಾಲೆಯಿದೆ ಎಂದು ನೀನು ಬುಕಾರೆಸ್ಟಿನ ಬಸ್ಸು ಹತ್ತಿದೆ. ಇರಲಿ. ಒಂಬತ್ತನೇ ದಿನದ ಊಟವನ್ನೂ ಮಾಡಿದೆವು. ಆಮೇಲೆ ಅವಳ ಸಾಮಾನನ್ನೆಲ್ಲ ನದಿಯ ಪಕ್ಕ ಸುಟ್ಟೆವು. ಲಂಗಗಳು, ಗರಿ ತುಂಬಿದ ಹಾಸಿಗೆ, ತಂಬಾಕು ಸೇದುವ ಕೊಳವೆ ಎಲ್ಲ ಹೋಯಿತು. ತಾತ ಮಾಡಿಕೊಟ್ಟಿದ್ದ ತಾಮ್ರದ ತಂಬಿಗೆ ಸುಡುವುದಿಲ್ಲವಲ್ಲ, ಅದನ್ನು ನಾನೇ ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಮಾಡಿ ನೀರಿಗೆ ಎಸೆದೆ. ಇಪ್ಪತ್ತೈದು ವರ್ಷದಿಂದ ತಾಮ್ರ ಬಡಿಯುವವನು ಅವತ್ತು ಮೂರು ಪೆಟ್ಟು ತಪ್ಪಿದೆ. ಸತ್ತವರ ಬಟ್ಟೆಯ ಒಂದು ಗುಂಡಿ ಉಳಿದರೂ ಅವರು ಅದನ್ನು ಹುಡುಕಿಕೊಂಡು ಬರುತ್ತಾರೆ, ನಿನಗೆ ಹೇಳಿಕೊಡಬೇಕಾಗಿಲ್ಲ.

ಎಲ್ಲ ಮುಗಿಯಿತೆಂದು ಕೈ ತೊಳೆಯುತ್ತಿದ್ದಾಗ ಅಮ್ಮ ಕೇಳಿದಳು, "ಅವಳ ದನಿ ಎಲ್ಲಿದೆಯೋ ಗ್ರಾಂಚ?"

ಜುಲೈನಲ್ಲಿ ನೀನು ಟೇಪ್ ರೆಕಾರ್ಡರ್ ಹೊತ್ತು ಬಂದು ಮೂರು ದಿನ ಅಜ್ಜಿಯ ಮುಂದೆ ಕೂತು ಕಥೆ ಹೇಳಿಸಿಕೊಂಡೆಯಲ್ಲ, ಆ ಕ್ಯಾಸೆಟ್‌ಗಳು ಎಲ್ಲಿವೆ? ಆರು ವಾರದ ಊಟ ನವೆಂಬರ್ ಹದಿಮೂರಕ್ಕೆ. ಅಷ್ಟರೊಳಗೆ ಸುಟ್ಟುಬಿಡು. ಸುಟ್ಟೆ ಎಂದು ಎರಡು ಸಾಲು ಬರೆದರೆ ಸಾಕು. ಜಗಳ ಬೇಡ.

ನಿನ್ನ ಅಣ್ಣ,
ಗ್ರಾಂಚ


ಬುಕಾರೆಸ್ಟ್
೨೩ ಅಕ್ಟೋಬರ್ ೧೯೯೩

ಅಣ್ಣಾ,

ಕ್ಯಾಸೆಟ್‌ಗಳು ನನ್ನ ಕಪಾಟಿನಲ್ಲಿ, ಬಟ್ಟೆಗಳ ಕೆಳಗೆ ಇವೆ. ಹನ್ನೊಂದು ಕ್ಯಾಸೆಟ್, ಹನ್ನೊಂದು ಕಥೆ. ನಾನು ಅವನ್ನು ಸುಡುವುದಿಲ್ಲ.

ಕಾಗದ ಹರಿಯುವ ಮೊದಲು ಪೂರ್ತಿ ಓದು. ಈ ದೇಶದಲ್ಲಿ ನಮ್ಮ ರೊಮಾನಿ ಮಾತಿಗೆ ಶಾಲೆಯ ಬಾಗಿಲು ತೆರೆದು ಇನ್ನೂ ಮೂರು ವರ್ಷ. ನನ್ನ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದಾರೆ, ಎಲ್ಲರೂ ನಮ್ಮವರೇ. ನಾನು ನಮ್ಮ ಮಾತಿನಲ್ಲಿ ಕೇಳುತ್ತೇನೆ, ಅವರು ನಮ್ಮವರಲ್ಲದ ಗಾಜೋ ಜನರ ಮಾತಿನಲ್ಲಿ ಉತ್ತರಿಸುತ್ತಾರೆ. ಅರ್ಥವಾಗುವುದಿಲ್ಲವೆಂದಲ್ಲ, ನಾಚಿಕೆ. ಒಂದು ಹುಡುಗಿ ನನ್ನ ಹತ್ತಿರ ಬಂದು ಗುಟ್ಟಿನಲ್ಲಿ ಹೇಳಿತು, "ಟೀಚರ್, ಆ ಮಾತು ಮನೇಲಿ ಮಾತ್ರ. ಹೊರಗೆ ಆಡಿದ್ರೆ ನಮ್ಮನ್ನ ನೋಡಿ ಮೂಗು ಮುಚ್ಕೋತಾರೆ."

ನನ್ನ ಕೈಯಲ್ಲಿ ಒಂದು ಒಳ್ಳೆಯ ಪುಸ್ತಕವಿಲ್ಲ. ಇರುವುದು ಅಜ್ಜಿ. ಆ ಹನ್ನೊಂದು ಕಥೆಗಳನ್ನು ಅವಳಷ್ಟು ಚೆನ್ನಾಗಿ ಹೇಳುವವರು ಯಾರಿದ್ದಾರೆ ಹೇಳು? ಏಪ್ರಿಲ್ ಎಂಟು ನಮ್ಮ ಜನರ ದಿನ. ಅವತ್ತು ರೇಡಿಯೋದಲ್ಲಿ ಅರ್ಧ ಗಂಟೆ ಅವಳ ದನಿ ಹಾಕುತ್ತೇವೆ ಎಂದಿದ್ದಾರೆ. ಅಜ್ಜಿಗೂ ಹೇಳಿದ್ದೆ, ನಕ್ಕು ಒಪ್ಪಿಕೊಂಡಿದ್ದಳು.

ನೀನು ಸಂಪ್ರದಾಯದ ಮಾತಾಡುತ್ತೀಯ. ನಿನ್ನ ಮಗಳು ರೂಜಾ ಕೋಳಿ ಓಡಿಸುವುದೂ ಗಾಜೋ ಮಾತಿನಲ್ಲೇ. ಅದು ಯಾವ ಸಂಪ್ರದಾಯ?

ಜಂಬೀಲಾ


ಓಲ್ಟ್ ದಂಡೆ
೧೬ ನವೆಂಬರ್ ೧೯೯೩

ಜಂಬೀಲಾ,

ಆರು ವಾರದ ಊಟ ಕೆಟ್ಟಿತು. ನೀನು ಬರಲಿಲ್ಲ, ಒಳ್ಳೆಯದೇ ಆಯಿತು.

ಅಜ್ಜಿಯ ಜಾಗದಲ್ಲಿ ಕೂರಲು ಕಾಲಿನಾಳನ್ನು ಒಪ್ಪಿಸಿದ್ದೆವು. ಅಜ್ಜಿಯ ಓರಗೆಯವಳು, ಅಜ್ಜಿಯನ್ನು ಸಾವೇತಾ ಎಂದು ಹೆಸರು ಹಿಡಿದು ಕರೆಯುವವಳು ಅವಳೊಬ್ಬಳೇ ಉಳಿದಿರುವುದು. ಅಜ್ಜಿಯ ಮದುವೆಯ ದಿನ ಯಾವುದೋ ತಲೆವಸ್ತ್ರಕ್ಕೆ ಜಗಳವಾಡಿ ಇಬ್ಬರೂ ಇಪ್ಪತ್ತು ವರ್ಷ ಮಾತು ಬಿಟ್ಟಿದ್ದರು, ಆದರೂ ನಾವು ಕೇಳಿದಾಗ ಕಾಲಿನಾ ಒಲ್ಲೆ ಎನ್ನಲಿಲ್ಲ. ತಲೆಯಿಂದ ಕಾಲಿನವರೆಗೆ ಹೊಸ ಬಟ್ಟೆ ತಂದಿದ್ದೆವು. ಅದನ್ನುಟ್ಟು ಅವಳು ಉಂಡರೆ ತಾನೇ ಅಜ್ಜಿ ಉಂಡಂತೆ, ಅಜ್ಜಿಗೆ ಅಲ್ಲಿ ಉಡಲು ಬಟ್ಟೆ ಸಿಕ್ಕಂತೆ. ಕಾಲಿನಾ ಬಟ್ಟೆಯನ್ನು ಕೈಯಲ್ಲಿ ಹಿಡಿದಳು, ಆಮೇಲೆ ಮಂಚದ ಮೇಲಿಟ್ಟಳು.

"ಸಾವೇತಾ ಗಂಟಲು ಬುಕಾರೆಸ್ಟಲ್ಲಿ ನೇತಾಡ್ತಿದೆಯಂತೆ. ನಾನು ಅವಳ ಬಟ್ಟೆ ಉಟ್ಕೊಂಡ್ರೆ ಅದು ಬಂದು ನನ್ನ ಗಂಟಲಲ್ಲಿ ಕೂರುತ್ತೆ. ನಂಗೆ ನನ್ನ ಕೆಮ್ಮೇ ಸಾಕಾಗಿದೆ," ಎಂದಳು.

ಅಷ್ಟು ಜನ ಉಂಡೆವು, ಅಜ್ಜಿಯ ಕುರ್ಚಿ ಖಾಲಿಯಿತ್ತು. ಎಲೆಕೋಸಿನ ಸರ್ಮಾ ಅವಳ ತಟ್ಟೆಯಲ್ಲಿ ತಣ್ಣಗಾಯಿತು. ಅಮ್ಮ ಅದನ್ನೇ ನೋಡುತ್ತ ಕೂತಿದ್ದಳು. ಅವತ್ತಿನಿಂದ ಅಮ್ಮನಿಗೆ ಕನಸು. ಅಜ್ಜಿ ಅಂಗಳದಲ್ಲಿ ನಿಂತು ಬಾಯಿ ಆಡಿಸುತ್ತಾಳಂತೆ, ದನಿ ಬರುವುದಿಲ್ಲವಂತೆ. ಅಮ್ಮ ದಿನೇ ದಿನೇ ಸೊರಗುತ್ತಿದ್ದಾಳೆ.

ನನ್ನ ಮಕ್ಕಳ ಮಾತು ಕೇಳಿದೆಯಲ್ಲ, ಹೇಳುತ್ತೇನೆ. ನಾಲ್ಕನೇ ತರಗತಿಯಲ್ಲಿ ನೀರು ಬೇಕೆಂದು ಮರೆತು ನಮ್ಮ ಮಾತಿನಲ್ಲೇ 'ಪಾನಿ' ಎಂದುಬಿಟ್ಟೆ. ತರಗತಿಯೆಲ್ಲ ನಕ್ಕಿತು. ಮಧ್ಯಾಹ್ನದವರೆಗೂ ಮೂಲೆಯಲ್ಲಿ ನಿಲ್ಲಿಸಿದರು, ನೀರೂ ಕೊಡಲಿಲ್ಲ. ಅಲ್ಲಿಗೆ ನನ್ನ ಓದು ಮುಗಿಯಿತು. ನನ್ನ ಮಕ್ಕಳು ಬಾಯಾರಿ ಮೂಲೆಯಲ್ಲಿ ನಿಲ್ಲುವುದು ಬೇಡ. ಇದರಲ್ಲಿ ತಪ್ಪಿದ್ದರೆ ತಪ್ಪೇ ಇರಲಿ.

ಸುಡು.

ಗ್ರಾಂಚ


ಬುಕಾರೆಸ್ಟ್
೧೯ ಡಿಸೆಂಬರ್ ೧೯೯೩

ಅಣ್ಣಾ,

ನಿನ್ನ 'ಪಾನಿ'ಯ ಕಥೆ ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಓದಿ ತುಂಬಾ ಹೊತ್ತು ಅತ್ತೆ.

ಕಥೆಗಳನ್ನು ಕಾಗದಕ್ಕೆ ಇಳಿಸಿ ಕ್ಯಾಸೆಟ್ ಸುಟ್ಟುಬಿಡೋಣ ಎಂದುಕೊಂಡೆ. ಎರಡು ಕಥೆ ಬರೆದೆ. ಬರೆದದ್ದನ್ನು ಓದಿದರೆ ಯಾರೋ ಗುಮಾಸ್ತ ಹೇಳಿದ ಹಾಗಿದೆ. ಅವಳು ಉಸಿರು ಎಳೆದುಕೊಳ್ಳುವುದನ್ನು, ರಾಜನ ಹೆಂಡತಿಯ ದನಿ ಮಾಡುವಾಗ ಮೂಗಿನಲ್ಲಿ ಮಾತಾಡುವುದನ್ನು ನಾನು ಹೇಗೆ ಬರೆಯಲಿ?

ಇನ್ನೊಂದು ವಿಷಯ ಬೇರೆಯವರಿಂದ ನಿನ್ನ ಕಿವಿಗೆ ಬೀಳುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೋದ ವಾರ ತರಗತಿಯಲ್ಲಿ ಒಂದು ಕ್ಯಾಸೆಟ್ ಹಾಕಿದೆ. ಇಪ್ಪತ್ತಾರು ಮಕ್ಕಳೂ ಕದಲಲಿಲ್ಲ. ಮುಗಿದ ಮೇಲೆ ಒಬ್ಬ ಹುಡುಗ, ಮೊದಲ ಸಲ, ನಮ್ಮ ಮಾತಿನಲ್ಲಿ ಕೇಳಿದ, ಈ ಅಜ್ಜಿ ಯಾರು ಎಂದು. ಖುಷಿಯಲ್ಲಿ ಮೈಮರೆತೆ. ನಮ್ಮ ಅಜ್ಜಿ, ಅಕ್ಟೋಬರ್‌ನಲ್ಲಿ ತೀರಿಕೊಂಡಳು ಎಂದೆ. ಆ ಎರಡನೇ ಮಾತು ಹೇಳದಿದ್ದರೆ ಏನೂ ಆಗುತ್ತಿರಲಿಲ್ಲ. ಇಬ್ಬರು ಹುಡುಗಿಯರು ಕಿವಿ ಮುಚ್ಚಿಕೊಂಡು ಹೊರಗೆ ಓಡಿದರು. ಅವರು ತಾಮ್ರಗಾರರ ಮನೆಯವರು, ನಮ್ಮ ಹಾಗೆ. ಮಾರನೆಯ ದಿನ ಶಾಲೆಗೆ ಬರಲಿಲ್ಲ.

ಏಪ್ರಿಲ್‌ವರೆಗೆ ಸಮಯ ಕೊಡು.

ಜಂಬೀಲಾ


ಓಲ್ಟ್ ದಂಡೆ
೧೩ ಫೆಬ್ರವರಿ ೧೯೯೪

ಜಂಬೀಲಾ,

ಕಿವಿ ಮುಚ್ಚಿಕೊಂಡು ಓಡಿದ ಹುಡುಗಿಯರಲ್ಲಿ ಒಬ್ಬಳು ಯಾರ ಮನೆಯವಳು ಗೊತ್ತೇ? ಸ್ತಾನೋನ ತಮ್ಮನ ಮಗಳು. ಸ್ತಾನೋ ಎಂದರೆ ಈಸ್ಟರ್ ಕಳೆದ ಮೇಲೆ ನಮ್ಮ ರೂಜಾಳನ್ನು ಸೊಸೆ ಮಾಡಿಕೊಳ್ಳಬೇಕಿದ್ದವನು. ಅವನು ಮನೆಗೆ ಬಂದ, ಕಾಫಿ ಮುಟ್ಟಲಿಲ್ಲ. ನಿಂತೇ ಮಾತಾಡಿದ. "ಸತ್ತೋರನ್ನ ಪೆಟ್ಟಿಗೇಲಿಟ್ಕೊಂಡು ಶಾಲೇಲಿ ಕುಣಿಸೋ ಮನೆಯಿಂದ ನಾನು ಹೆಣ್ಣು ತರೋದು ಹೇಗೆ ಗ್ರಾಂಚ? ನೀನೇ ಹೇಳು," ಎಂದ. ರೂಜಾ ಅಡುಗೆಮನೆಯಲ್ಲಿ ಕೇಳಿಸಿಕೊಂಡಳು. ಅವತ್ತಿನಿಂದ ಅವಳು ಸರಿಯಾಗಿ ಉಣ್ಣುತ್ತಿಲ್ಲ.

ನಮ್ಮವರ ನ್ಯಾಯ ಹೇಳುವ ಕ್ರಿಸ್ ಪಂಚಾಯ್ತಿ ಕೂತಿತು, ಹನ್ನೊಂದು ಜನ ಹಿರಿಯರು. ಅಪ್ಪ ಇಲ್ಲದ ಮನೆಗೆ ನಾನೇ ಯಜಮಾನನಲ್ಲವೇ, ಟೋಪಿ ತೆಗೆದು ನಡುವೆ ನಿಂತೆ. ನಿನ್ನ ಪರವಾಗಿಯೂ ಮಾತಾಡಿದೆ, ನಂಬುತ್ತೀಯೋ ಬಿಡುತ್ತೀಯೋ. ತೀರ್ಪು ಇದು. ಏಪ್ರಿಲ್ ಎರಡಕ್ಕೆ ಆರು ತಿಂಗಳ ಊಟ. ಹನ್ನೊಂದು ಕ್ಯಾಸೆಟ್‌ಗಳೂ ಅಂಗಳಕ್ಕೆ ಬರಬೇಕು, ಎಲ್ಲರ ಕಣ್ಣೆದುರು ಸುಡಬೇಕು. ಇಲ್ಲವಾದರೆ ನಮ್ಮ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ, ನಮ್ಮನ್ನು ಯಾರೂ ಊಟಕ್ಕೆ ಕರೆಯುವುದಿಲ್ಲ, ನಾನು ಕಲಾಯಿ ಹಾಕಿದ ಪಾತ್ರೆಯಲ್ಲಿ ನಮ್ಮವರು ಯಾರೂ ನೀರೂ ಕುಡಿಯುವುದಿಲ್ಲ.

ನೀನು ಓದಿದವಳು. ಒಂದು ಕಡೆ ಆ ಹನ್ನೊಂದು ಕ್ಯಾಸೆಟ್, ಇನ್ನೊಂದು ಕಡೆ ಅಮ್ಮ, ನಾನು, ರೂಜಾ. ಯಾವುದು ಬೇಕೋ ತೆಗೆದುಕೊ.

ಗ್ರಾಂಚ


ಬುಕಾರೆಸ್ಟ್
೬ ಮಾರ್ಚ್ ೧೯೯೪

ಅಣ್ಣಾ,

ಏಪ್ರಿಲ್ ಎರಡಕ್ಕೆ ಬೆಳಗಿನ ಬಸ್ಸಿಗೆ ಬರುತ್ತೇನೆ. ಕೈಯಲ್ಲಿ ಚೀಲ ಇರುತ್ತದೋ ಇಲ್ಲವೋ ಇವತ್ತು ನನಗೇ ಗೊತ್ತಿಲ್ಲ. ಅಮ್ಮನಿಗೆ ಬರುತ್ತಾಳೆ ಎಂದಷ್ಟೇ ಹೇಳು.

ಜಂ.


ಓಲ್ಟ್ ದಂಡೆ
೪ ಏಪ್ರಿಲ್ ೧೯೯೪

ತಂಗೀ,

ಬಸ್ಸಿನಿಂದ ಇಳಿದು ಚೀಲವನ್ನು ನನ್ನ ಕೈಗಿಟ್ಟು, ಅಮ್ಮನ ಮುಖವನ್ನೂ ನೋಡದೆ ಅದೇ ಬಸ್ಸಿನಲ್ಲಿ ವಾಪಸಾದೆ. ಸುಡುವುದನ್ನು ನೋಡಲಾರೆ ಎಂದೆ. ನಾನು ತಡೆಯಲಿಲ್ಲ. ನಡೆದದ್ದನ್ನು ಈಗ ಬರೆಯುತ್ತೇನೆ, ಕೂತು ಓದು.

ಅಂಗಳದಲ್ಲಿ ಬೆಂಕಿ ಹಾಕಿದ್ದೆವು. ಚೀಲ ಬಂದದ್ದನ್ನು ನೋಡಿ ಕಾಲಿನಾ ಕೂರಲು ಒಪ್ಪಿದಳು. ಹೊಸ ಲಂಗ, ಹೊಸ ತಲೆವಸ್ತ್ರ, ಹೊಸ ಚಪ್ಪಲಿ ಹಾಕಿಕೊಂಡು ಬಂದು ಅಜ್ಜಿಯ ಕುರ್ಚಿಯಲ್ಲಿ ಕೂತಳು. ಅಮ್ಮ ಬಡಿಸಿದಳು. ಪದ್ಧತಿಯಂತೆ ಮೂರು ಸಲ ಕೇಳಿದಳು, "ಅತ್ತೆ, ಇನ್ನೇನು ಬೇಕು ನಿಮಗೆ?" ಮೊದಲ ಸಲ ಕಾಲಿನಾ ವೈನ್ ಬೇಕೆಂದಳು. ಎರಡನೇ ಸಲ ತಂಬಾಕು. ಮೂರನೇ ಸಲ, "ನನ್ನ ದನಿ ಕೊಡಿ," ಎಂದಳು.

ಎಲ್ಲರ ಕೈ ತಟ್ಟೆಯ ಮೇಲೇ ನಿಂತುಹೋಯಿತು. ಆ ಕುರ್ಚಿಯಲ್ಲಿ ಕೂತವರು ಕೇಳಿದ್ದನ್ನು ಇಲ್ಲವೆನ್ನುವ ಹಾಗಿಲ್ಲ, ನಿನಗೆ ಗೊತ್ತು. ಚೀಲ ತಂದು ಮಡಿಲಲ್ಲಿಟ್ಟೆ. ಸ್ತಾನೋ ಎದ್ದು, ಕಾಲಿನಾ ಅಜ್ಜಿ ಇದು ಪಂಚಾಯ್ತಿ ತೀರ್ಪು ಎನ್ನಲು ಹೋದ.

"ಯಾವ ಕಾಲಿನಾ?" ಎಂದಳು ಮುದುಕಿ. "ಕಾಲಿನಾ ಅವಳ ಮನೇಲಿ ಬೆಚ್ಚಗೆ ಮಲಗಿದಾಳೆ. ನಾನು ಸಾವೇತಾ. ಕೂತ್ಕೊಳ್ಳೋ."

ಸ್ತಾನೋ ಕೂತ. ಅವಳು ಒಂದೊಂದೇ ಕ್ಯಾಸೆಟ್ ಕೈಗೆತ್ತಿಕೊಂಡು ಹೇಳಿದಳು. "ಬಟ್ಟೆ ತಂದ್ರಿ, ಒಬ್ಬಳು ಮೈಮೇಲೆ ಹಾಕ್ಕೊಂಡ್ಲು, ಅದು ನಂಗೆ ಮುಟ್ತು. ಕಥೇನೂ ಹಂಗೇ. ಒಬ್ಬೊಬ್ರಿಗೆ ಒಂದೊಂದು ಕೊಡ್ತೀನಿ. ಮೊದಲಿಂದ ಕೊನೇವರೆಗೂ ತಡವರಿಸದೆ ಹೇಳೋಕೆ ಬಂದ ದಿನ ಸುಟ್ಹಾಕಿ. ನಮ್ಮ ಮಾತಲ್ಲೇ ಹೇಳ್ಬೇಕು, ಗಾಜೋ ಮಾತಲ್ಲಲ್ಲ. ವರ್ಷದ ಊಟಕ್ಕೆ ಒಂದು ಉಳಿದಿದ್ರೂ ಈ ಕುರ್ಚೀಲಿ ಯಾರೂ ಕೂರಲ್ಲ."

ಅಮ್ಮನಿಗೆ ಒಂದು, ಸ್ತಾನೋಗೆ ಒಂದು, ರೂಜಾಗೆ ಒಂದು, ನನಗೆ ಒಂದು. ಹೀಗೆ ಹತ್ತು ಹಂಚಿದಳು. ಕೊನೆಯದು ನಿನಗೆ. ಅದನ್ನು ಇದರ ಜೊತೆ ಕಳಿಸಿದ್ದೇನೆ. ಪಂಚಾಯ್ತಿಯವರು ಗೊಣಗಿದರು, ಆದರೆ ಸತ್ತವಳ ಮಾತು ಮೀರುವ ಧೈರ್ಯ ಯಾರಿಗಿದೆ? ಸ್ತಾನೋ ವರ್ಷದ ಊಟದವರೆಗೆ ಕಾಯುತ್ತೇನೆ ಎಂದಿದ್ದಾನೆ. ಅಕ್ಟೋಬರ್ ಒಂದು. ಅವತ್ತು ಎಲ್ಲ ಸುಟ್ಟಿದ್ದರೆ ಮದುವೆ. ಇಲ್ಲವಾದರೆ ಇಲ್ಲ.

ನನಗೆ ನಲವತ್ತೊಂದು ವಯಸ್ಸು. ಕಥೆ ಬಾಯಿಪಾಠ ಮಾಡಬೇಕಂತೆ.

ಗ್ರಾಂಚ


ಬುಕಾರೆಸ್ಟ್
೧೦ ಏಪ್ರಿಲ್ ೧೯೯೪

ಅಣ್ಣಾ,

ನಿನ್ನ ಕಾಗದವನ್ನು ಆರು ಸಲ ಓದಿದೆ. ಕಾಲಿನಾ ಅಜ್ಜಿಯ ಕೈಗೆ ನನ್ನ ಪರವಾಗಿ ಮುತ್ತಿಡು. ಬೈದರೆ ಬೈಸಿಕೊ.

ರೇಡಿಯೋದವರಿಗೆ ಕ್ಯಾಸೆಟ್ ಇಲ್ಲವೆಂದೆ. ಅವರು ಮುಖ ಸಿಂಡರಿಸಿದರು. ಮೊನ್ನೆ ನಮ್ಮ ದಿನ ಅರ್ಧ ಗಂಟೆಯೂ ಬರೀ ಪಿಟೀಲು ನುಡಿಸಿದರು. ನಮ್ಮ ಮಾತು ಒಂದೇ ಒಂದು ಕೇಳಿಸಲಿಲ್ಲ. ಶಾಲೆಯ ಸಹೋದ್ಯೋಗಿಗಳು ಎಷ್ಟು ಚೆಂದ ಎಂದರು. ನಾನು ರೇಡಿಯೋ ಆರಿಸಿದೆ.

ನನ್ನ ಪಾಲಿನ ಕ್ಯಾಸೆಟ್ ಬಂದಿದೆ. ಕಪಾಟಿನಲ್ಲಿದೆ.

ಜಂಬೀಲಾ


ಓಲ್ಟ್ ದಂಡೆ
೨೦ ಆಗಸ್ಟ್ ೧೯೯೪

ತಂಗೀ,

ಸ್ತಾನೋ ನಿನ್ನೆ ತನ್ನದನ್ನು ಸುಟ್ಟ. ಅಲ್ಲಿಗೆ ಹತ್ತು.

ಬೇಸಿಗೆಯಿಡೀ ಇಲ್ಲಿ ಇದೇ ಗದ್ದಲ. ಹಂಡೆ ಬಡಿಯುವ ಸದ್ದಿನ ನಡುವೆ ಒಬ್ಬೊಬ್ಬರೂ ತಮ್ಮ ಕಥೆ ಗೊಣಗುತ್ತ ಓಡಾಡುವುದು. ರೂಜಾಗೆ ನಮ್ಮ ಮಾತಿನಲ್ಲಿ ನಾಲಿಗೆ ಹೊರಳುತ್ತಿರಲಿಲ್ಲ, ಅಮ್ಮ ಬೈದು ಬೈದು ಹೊರಳಿಸಿದಳು. ಸ್ತಾನೋ ತಪ್ಪಿದಾಗಲೆಲ್ಲ ಹೆಂಗಸರು ನಗುತ್ತಿದ್ದರು. ಅವನು ರೇಗಿ ಎರಡು ಸಲ ಎದ್ದು ಹೋದ, ಎರಡು ಸಲವೂ ತಾನೇ ವಾಪಸು ಬಂದ.

ನನ್ನದು ಜೂನ್‌ನಲ್ಲೇ ಮುಗಿಯಿತು. ಅದರ ಮಧ್ಯೆ ಅಜ್ಜಿ ಕಥೆ ನಿಲ್ಲಿಸಿ ನನ್ನನ್ನೇ ಬೈದಿದ್ದಾಳೆ, "ಗ್ರಾಂಚಾ, ಬಾಗ್ಲು ಹಾಕೋ, ಕೋಳಿ ಒಳಗೆ ಬರ್ತಿದೆ" ಎಂದು. ಕಾಲಿನಾ ಅದನ್ನೂ ಬಿಡಬಾರದೆಂದಳು. ಈಗ ನನ್ನ ಚಿಕ್ಕ ಮಕ್ಕಳು, ಮೂರನೇ ರಾಜಕುಮಾರ ಬಾವಿಗೆ ಇಳಿಯುವ ಕಡೆ ಬಂದರೆ ಸಾಕು, ಆ ಬೈಗುಳವನ್ನು ನನಗಿಂತ ಮೊದಲೇ ಕೂಗುತ್ತಾರೆ. ನಗು ಬರುತ್ತದೆ. ಆ ಕ್ಯಾಸೆಟ್ ಬೆಂಕಿಗೆ ಹಾಕುವಾಗ ನನ್ನ ಎದೆ ಒಡೆದಂತಾಯಿತು, ಸುಳ್ಳು ಹೇಳುವುದಿಲ್ಲ.

ಉಳಿದಿರುವುದು ನಿನ್ನದೊಂದು. ನಮ್ಮೆಲ್ಲರಲ್ಲಿ ಓದಿದವಳು ನೀನು. ನಾಲ್ಕೂವರೆ ತಿಂಗಳಾಯಿತು. ಏಪ್ರಿಲ್ ಆದಮೇಲೆ ನಾಲ್ಕು ಕಾಗದ ಬರೆದೆ, ಒಂದಕ್ಕೂ ಉತ್ತರವಿಲ್ಲ. ಇನ್ನು ಆರೇ ವಾರ. ರೂಜಾ ನಿನ್ನ ಹೆಸರು ಎತ್ತುವುದಿಲ್ಲ, ಆದರೆ ಅಂಚೆಯವನು ಬಂದಾಗಲೆಲ್ಲ ಬಾಗಿಲಿಗೆ ಓಡುತ್ತಾಳೆ. ನಿನಗೆ ಸುಡಲು ಮನಸ್ಸಿಲ್ಲದೆ ಆಟ ಆಡುತ್ತಿದ್ದೀಯಾ?

ಗ್ರಾಂಚ


ಬುಕಾರೆಸ್ಟ್
೪ ಸೆಪ್ಟೆಂಬರ್ ೧೯೯೪

ಅಣ್ಣಾ,

ಆಟವಲ್ಲ. ಕ್ಯಾಸೆಟ್‌ನಲ್ಲಿ ಇರುವಷ್ಟೂ ಮೇ ತಿಂಗಳಲ್ಲೇ ಬಾಯಿಗೆ ಬಂದಿದೆ. ಆದರೆ ಆ ಕಥೆಗೆ ಕೊನೆ ಇಲ್ಲ.

ಅದು ಜುಲೈನಲ್ಲಿ ಅಜ್ಜಿ ಮೂರನೇ ದಿನ ಹೇಳಿದ್ದು. ಚಳಿಗಾಲದಲ್ಲಿ ಡೇರೆಗಳ ಬೆಂಕಿಯೆಲ್ಲ ಆರಿಹೋಗುತ್ತದೆ, ಅಣ್ಣಂದಿರು ಮುದುಡಿ ಮಲಗಿದ್ದಾರೆ, ತಂಗಿ ಬೆಂಕಿ ತರಲು ಹೆಪ್ಪುಗಟ್ಟಿದ ನದಿ ದಾಟಿ ರಾಕ್ಷಸನ ಮನೆಗೆ ಹೋಗುತ್ತಾಳೆ. ಬಾಗಿಲು ತಟ್ಟುತ್ತಾಳೆ. ಅಲ್ಲಿಗೆ ಅಜ್ಜಿಗೆ ಕೆಮ್ಮು ಬಂತು. "ಸುಸ್ತಾಯ್ತು ಕಣೆ. ಉಳಿದದ್ದು ನಾಳೆ ಹೇಳ್ತೀನಿ, ಇನ್ನೊಂದಿನ ಇರು," ಎಂದಳು. ನಾನು, "ಇಲ್ಲ ಅಜ್ಜಿ, ಬಸ್ಸಿದೆ," ಎಂದೆ. ಆಮೇಲೆ ಕ್ಯಾಸೆಟ್ ನಿಲ್ಲುತ್ತದೆ.

ಪ್ರತಿಸಲ ಕೇಳಿದಾಗಲೂ ಕೊನೆಗೆ ನನ್ನದೇ ದನಿ ಬಸ್ಸಿದೆ ಎನ್ನುತ್ತದೆ. ನಾನು ಒಂದು ದಿನ ಇರಬಹುದಿತ್ತು. ಏನೂ ಮುಳುಗಿಹೋಗುತ್ತಿರಲಿಲ್ಲ. ನಿಮ್ಮೆಲ್ಲರಿಗೂ ಅವಳ ಮಾತು ಉಳಿಸುವ ಪಾಠ ಹೇಳಿದ ನಾನೇ ಅವಳ ಮಾತನ್ನು ಅರ್ಧಕ್ಕೆ ಬಿಟ್ಟು ಬಂದೆ. ಇದನ್ನು ಬರೆಯಲಾರದೇ ಸುಮ್ಮನಿದ್ದೆ.

ಅಮ್ಮನಿಗೆ ಕೊನೆ ಗೊತ್ತೇ? ಕಾಲಿನಾ ಅಜ್ಜಿಗೆ? ಬೇಗ ಕೇಳಿ ಬರೆ.

ಜಂಬೀಲಾ


ಓಲ್ಟ್ ದಂಡೆ
೧೨ ಸೆಪ್ಟೆಂಬರ್ ೧೯೯೪

ತಂಗೀ,

ಎಲ್ಲರನ್ನೂ ಕೇಳಿದೆ. ಯಾರಿಗೂ ಗೊತ್ತಿಲ್ಲ. ಅಮ್ಮ ಆ ಕಥೆಯನ್ನು ಕೇಳಿಯೇ ಇಲ್ಲವಂತೆ. ಪಕ್ಕದ ಊರಿಗೆ ಹೋಗಿ ಅಜ್ಜಿಯ ತವರಿನವರನ್ನೂ ವಿಚಾರಿಸಿ ಬಂದೆ, ಪ್ರಯೋಜನವಾಗಲಿಲ್ಲ. ಸ್ತಾನೋ ಮತ್ತೆ ಮುಖ ಗಂಟು ಹಾಕಿಕೊಂಡಿದ್ದಾನೆ. ಕೊನೆಯಿಲ್ಲದ್ದನ್ನು ಕೊನೆಯವರೆಗೆ ಹೇಳಲಾಗುವುದಿಲ್ಲ, ಹೇಳದೆ ಸುಡಲಾಗುವುದಿಲ್ಲ, ಸುಡದೆ ಮದುವೆಯಿಲ್ಲ ಎನ್ನುತ್ತಾನೆ. ಅವನ ಲೆಕ್ಕ ಸರಿಯಾಗಿದೆ.

ಕಾಲಿನಾ ಹಾಸಿಗೆ ಹಿಡಿದಿದ್ದಾಳೆ. ನಿನ್ನ ಕಾಗದ ಓದಿ ಹೇಳಿದೆ. ಸಿಟ್ಟಾದಳು. "ನಾನು ಅವಳಿಗೆ ಕೊಟ್ಟಿದ್ದು ಕಾವಲು ಕಾಯೋಕಲ್ಲ. ಬಾಯಿ ಯಾರದಂತೆ ಈಗ?" ಎಂದು ಕೇಳಿ ಗೋಡೆಯ ಕಡೆ ತಿರುಗಿ ಮಲಗಿದಳು.

ನನಗೆ ಇದಕ್ಕಿಂತ ಹೆಚ್ಚು ಹೇಳಲು ಬರುವುದಿಲ್ಲ. ದಿನ ಕಡಿಮೆ ಇವೆ.

ಅಣ್ಣ


ಬುಕಾರೆಸ್ಟ್
೨೫ ಸೆಪ್ಟೆಂಬರ್ ೧೯೯೪

ಅಣ್ಣಾ,

ಕಾಲಿನಾ ಅಜ್ಜಿಯ ಮೇಲೆ ಎಂಟು ದಿನ ಸಿಟ್ಟು ಮಾಡಿಕೊಂಡಿದ್ದೆ. ಅಜ್ಜಿಯ ಕಥೆಗೆ ನನ್ನ ಬಾಯಿಂದ ಕೊನೆ ಸೇರಿಸುವುದು ಕಳ್ಳತನ ಎನಿಸುತ್ತಿತ್ತು. ಇಷ್ಟು ವರ್ಷ ನಾನು ಅವಳ ಮಾತನ್ನು ಬರೆದುಕೊಂಡೆ, ಟೇಪಿನಲ್ಲಿ ಹಿಡಿದೆ, ಕಪಾಟಿನಲ್ಲಿಟ್ಟೆ. ಒಂದು ಸಲವೂ ಹೇಳಿರಲಿಲ್ಲ. ಹೇಳಲು ನನಗೆ ಭಯ, ಅಷ್ಟೇ.

ಬುಧವಾರ ತರಗತಿಗೆ ಬರಿಗೈಯಲ್ಲಿ ಹೋದೆ. ಟೇಪ್ ರೆಕಾರ್ಡರ್ ಇಲ್ಲ, ಕಾಗದವಿಲ್ಲ. ಮೇಜಿನ ಮೇಲೆ ಕೂತು ಶುರು ಮಾಡಿದೆ. ಬೆಂಕಿ ಆರಿತು, ಹುಡುಗಿ ನದಿ ದಾಟಿದಳು, ಬಾಗಿಲು ತಟ್ಟಿದಳು. ಅಜ್ಜಿ ನಿಲ್ಲಿಸಿದ್ದು ಅಲ್ಲಿಗೆ. ಬಾಗಿಲು ತೆರೆಯಿತು ಎಂದೆ. ಮುಂದೇನು ಎನ್ನುವುದು ನನಗೂ ತಿಳಿದಿರಲಿಲ್ಲ. ಬಾಗಿಲಲ್ಲಿ ರಾಕ್ಷಸನ ಹೆಂಡತಿ ನಿಂತಿದ್ದಳು. ಅವಳು ಹುಡುಗಿಯನ್ನು ಬಾಯಿಗೆ ಬಂದಂತೆ ಬೈದಳು. ಹುಡುಗಿ ಸುಮ್ಮನಿರುವವಳೇ? ನಮ್ಮ ಓಣಿಯ ಹೆಂಗಸರ ಬೈಗುಳವನ್ನೆಲ್ಲ ಒಂದೂ ಬಿಡದೆ ತಿರುಗಿಸಿಕೊಟ್ಟಳು. ರಾಕ್ಷಸನ ಹೆಂಡತಿ ನಿಂತು ಕೇಳಿದಳು. ಅಷ್ಟು ಒಳ್ಳೆಯ ಬೈಗುಳ ಅವಳು ನೂರು ವರ್ಷದಿಂದ ಕೇಳಿರಲಿಲ್ಲ, ಆ ಮನೆಯಲ್ಲಿ ಗಂಡ ಬರೀ ಗೊರಕೆ ಹೊಡೆಯುವವನು. ಇನ್ನೊಂದು ಬೈ, ಇನ್ನೊಂದು ಕೆಂಡ ಕೊಡ್ತೀನಿ ಎಂದಳು. ಹೀಗೆ ಹುಡುಗಿ ಬೈದು ಬೈದು ಸೆರಗು ತುಂಬಾ ಕೆಂಡ ತಂದಳು, ಅಣ್ಣಂದಿರು ಎದ್ದು ಬೆಂಕಿಯ ಸುತ್ತ ಕೂತರು.

ಮಕ್ಕಳು ಬಿದ್ದು ಬಿದ್ದು ನಕ್ಕರು. ಪಕ್ಕದ ತರಗತಿಯ ಮೇಡಂ ಬಾಗಿಲಿಗೆ ಬಂದು ನೋಡಿ ಹೋದರು. ಮೊದಲಿಂದ ಕೊನೆಯವರೆಗೆ ತಡವರಿಸಲಿಲ್ಲ, ಸ್ತಾನೋಗೆ ಹಾಗೆಯೇ ಹೇಳು. ನಂಬದಿದ್ದರೆ ಅಕ್ಟೋಬರ್ ಒಂದಕ್ಕೆ ಊಟದ ಮೇಜಿನ ಮುಂದೆ ನಿಂತು ಹೇಳುತ್ತೇನೆ. ಈ ಸಲ ಎರಡು ದಿನ ಮೊದಲೇ ಬರುತ್ತೇನೆ. ಅಮ್ಮ ರೂಜಾಳ ಮದುವೆಯ ಬಟ್ಟೆ ಹೊಲಿಯಲು ಕೊಡಲಿ.

ಶುಕ್ರವಾರ ಶಾಲೆಯ ಹಿಂದಿನ ಅಂಗಳದಲ್ಲಿ ಎಲೆಗಳ ಜೊತೆ ಕ್ಯಾಸೆಟ್ ಸುಟ್ಟೆ. ಕೆಟ್ಟ ವಾಸನೆ ಬಂತು, ಪೂರ್ತಿ ಕರಗುವವರೆಗೆ ನಿಂತಿದ್ದೆ. ಅವಳ ದನಿ ಇನ್ನು ಎಲ್ಲಿಯೂ ಸಿಗುವುದಿಲ್ಲ.

ಆದರೆ ಬುಧವಾರ ನಾನು ಆ ಮಕ್ಕಳ ಮುಖಗಳನ್ನೇ ನೋಡುತ್ತಿದ್ದೆ. ಅಜ್ಜಿ ಎಲ್ಲಿ ನಿಲ್ಲಿಸಿದಳು, ನಾನು ಎಲ್ಲಿಂದ ಮುಂದುವರಿಸಿದೆ ಎನ್ನುವುದು ಒಂದು ಮಗುವಿಗೂ ಗೊತ್ತಾಗಲಿಲ್ಲ, ಅಣ್ಣಾ.

ನಿನ್ನ ತಂಗಿ,
ಜಂಬೀಲಾ